ಖಾಲಿ ಕುರ್ಚಿಗೂ ಒಂದು ರೇಟ್ ಇದೆ

ಪ್ರಶ್ನೆ: ನಾವು ಬಳ್ಳಾರಿಯವರು. ಈ ಶ್ರಾವಣದಲ್ಲಿ ಊರಿನ ಏಳೆಂಟು ಹೋಟೆಲ್‌ನವರು ಸೇರಿ ಹತ್ತು ದಿನದ ಆಫರ್ ಇಟ್ಟಿದ್ದಾರೆ. ಯಾವ ಹೋಟೆಲ್‌ಗೆ ಹೋದರೂ ತಲೆಗೆ 599 ರೂಪಾಯಿ, ಟ್ಯಾಕ್ಸ್ ಬೇರೆ. ಸೂಪ್, ಸ್ಟಾರ್ಟರ್, ಮೇನ್ ಕೋರ್ಸ್, ಸ್ವೀಟ್ ಎಲ್ಲ ಸೇರಿ. ಮನೆಯಲ್ಲಿ ಆರು ಜನ ಇದ್ದೇವೆ: ನಾವಿಬ್ಬರು, ಅತ್ತೆ-ಮಾವ, 12 ವರ್ಷದ ಮಗ, 6 ವರ್ಷದ ಮಗಳು. ಮಗನ ಹುಟ್ಟುಹಬ್ಬ ಆಫರ್ ನಡುವಿನ ಭಾನುವಾರವೇ ಬಂದಿದೆ. ಶ್ರಾವಣದಲ್ಲಿ ಮನೆಯಲ್ಲಿ ನಾನ್‌ವೆಜ್ ಮಾಡುವುದಿಲ್ಲ. ಅತ್ತೆಯವರಂತೂ ಮುಟ್ಟುವುದಿಲ್ಲ, ಆದರೆ ಉಳಿದವರು ಹೊರಗೆ ತಿಂದರೆ ಏನೂ ಅನ್ನುವುದಿಲ್ಲ. ಯಜಮಾನರು ಮಾತ್ರ ‘ಆಫರ್ ಊಟ ಅಂದ್ರೆ ಉಳಿದಿದ್ದನ್ನ ಬಡಿಸೋದು’ ಅಂತಾರೆ. ಹೋಗಬಹುದಾ? ದುಡ್ಡು ದಂಡ ಆಗದ ಹಾಗೆ ಹೇಗೆ ಹೋಗಬೇಕು?

ಉತ್ತರ: ಹೋಗಿ ತಂಗಿ. ಆದರೆ ಭಾನುವಾರ ರಾತ್ರಿ ಬೇಡ. ಆರೂ ಜನ ಆಫರ್ ಊಟವನ್ನೇ ತಗೊಳ್ಳುವುದೂ ಬೇಡ. ಯಾಕೆ ಅಂತ ಹೇಳುತ್ತೇನೆ. ಮೂವತ್ತು ವರ್ಷ ಹೋಟೆಲ್‌ಗಳ ಸ್ಟೋರ್, ಖರೀದಿ, ಅಡುಗೆಮನೆ ಲೆಕ್ಕ ನೋಡಿಕೊಂಡವನು ನಾನು. ಇಂಥ ಆಫರ್‌ಗಳ ಮೆನು ಕೂಡಿಸಿ ಕಳೆದು ಮಾಡಿಕೊಟ್ಟವರಲ್ಲಿ ನಾನೂ ಒಬ್ಬ. ಹಾಗಾಗಿ ಗಲ್ಲಾದ ಆ ಕಡೆಯಿಂದ ಮಾತಾಡುತ್ತಿದ್ದೇನೆ ಅಂತ ತಿಳಿಯಿರಿ.

ಮೊದಲು ಯಜಮಾನರ ಅನುಮಾನ. ಉಳಿದದ್ದನ್ನು ಬಡಿಸುತ್ತಾರೆ ಅನ್ನುವುದು ಸಾಮಾನ್ಯವಾಗಿ ನಿಜವಲ್ಲ. ಮಾಮೂಲಿ ದಿನ ಹೋಟೆಲ್‌ನ ಮೆನು ಕಾರ್ಡಿನಲ್ಲಿ ನೂರೈವತ್ತು ಐಟಂ ಇರುತ್ತವೆ. ಅದರಲ್ಲಿ ಮೂವತ್ತು ಓಡುತ್ತವೆ. ಉಳಿದವುಗಳ ಮಾಲು ಫ್ರಿಜ್ಜಿನಲ್ಲಿ ಯಾರೋ ಆರ್ಡರ್ ಮಾಡಲಿ ಅಂತ ಕಾಯುತ್ತಿರುತ್ತದೆ. ಆಫರ್ ದಿನಗಳಲ್ಲಿ ಮೆನು ಹತ್ತು ಹನ್ನೆರಡು ಐಟಂಗೆ ಇಳಿಯುತ್ತದೆ. ಬೆಳಿಗ್ಗೆ ಬಂದ ಮಾಲು ರಾತ್ರಿಗೆ ಖಾಲಿ. ತಾಜಾತನ ನೋಡಿದರೆ ಆಫರ್ ಊಟವೇ ಒಂದು ಕೈ ಮೇಲು.

ಕೈ ಬಿಗಿ ಮಾಡುವುದು ಬೇರೆ ಕಡೆ. ಒಂದು ಊರಿನಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದ ಹೋಟೆಲ್‌ನಲ್ಲಿ ಇಂಥದೇ ಒಂದು ವಾರ ಇತ್ತು. ಮೊದಲ ದಿನ ಪನೀರ್ ಟಿಕ್ಕಾ ಪ್ಲೇಟಿಗೆ ಎಂಟು ಪೀಸ್. ಜನ ಮುಗಿಬಿದ್ದರು. ಮೂರನೇ ದಿನ ಸಾಹುಕಾರರು ಅಡುಗೆಮನೆಗೆ ಬಂದು ‘ಆರು ಸಾಕು’ ಅಂದರು. ಐದನೇ ದಿನವೂ ಪೀಸ್ ಆರೇ, ಆದರೆ ಸೈಜ್ ಸಣ್ಣದು. ಈರುಳ್ಳಿ, ದೊಣ್ಣೆ ಮೆಣಸಿನಕಾಯಿ ಜಾಸ್ತಿ ಹಾಕಿದ್ದರಿಂದ ಪ್ಲೇಟ್ ಮಾತ್ರ ತುಂಬಿಯೇ ಕಾಣುತ್ತಿತ್ತು. ಪನೀರ್ ದಿನಾ ಬೆಳಿಗ್ಗೆ ಹೊಸದೇ ಬರುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಹಾಗಾಗಿ ಯಜಮಾನರಿಗೆ ಹೇಳಿ: ಹಳೆಯದನ್ನು ಬಡಿಸುವುದಿಲ್ಲ, ಕಡಿಮೆ ಬಡಿಸುತ್ತಾರೆ.

ಇನ್ನು ಹೋಟೆಲ್‌ನವರು ಯಾಕೆ ಇಷ್ಟು ಬಿಟ್ಟುಕೊಡುತ್ತಾರೆ? ಇದು ಗೊತ್ತಾದರೆ ಯಾವ ದಿನ, ಯಾವ ಹೋಟೆಲ್, ಯಾವ ಐಟಂ ಎಲ್ಲ ನೀವೇ ಹೇಳಬಹುದು.

ಊರಿನ ಹೋಟೆಲ್‌ನವರೆಲ್ಲ ಸೇರಿ ಒಂದೇ ದರ ಇಡುವ ಈ ಪದ್ಧತಿಯ ಮೂಲ ನ್ಯೂಯಾರ್ಕ್. 1992ರ ಜುಲೈನಲ್ಲಿ ಅಲ್ಲಿ ಡೆಮಾಕ್ರಟಿಕ್ ಪಕ್ಷದ ದೊಡ್ಡ ಸಮಾವೇಶ ಇತ್ತು. ಹೊರಗಿನಿಂದ ಸಾವಿರಾರು ಜನ ಬರುತ್ತಾರೆ, ಮಧ್ಯಾಹ್ನ ಒಳ್ಳೊಳ್ಳೆ ರೆಸ್ಟೋರೆಂಟ್‌ಗಳ ಟೇಬಲ್‌ಗಳು ಖಾಲಿ ಇರುತ್ತವೆ. ಆ ವರ್ಷದ ಅಂಕಿಯನ್ನೇ ದರ ಮಾಡಿ, 19.92 ಡಾಲರ್‌ಗೆ ಮಧ್ಯಾಹ್ನದ ಊಟ ಅಂತ ಇಟ್ಟರು. ಒಂದು ಸಲಕ್ಕೆ ಅಂತ ಮಾಡಿದ್ದು, ಜನ ಬಿಡಲಿಲ್ಲ. ಆಮೇಲೆ ಊರೂರಿಗೆ ಹಬ್ಬಿತು. ಡೆನ್ವರ್ ಅನ್ನುವ ಊರು ಸಮುದ್ರ ಮಟ್ಟದಿಂದ 5,280 ಅಡಿ ಮೇಲಿದೆ. ಅವರು ಇಬ್ಬರ ಊಟಕ್ಕೆ 52.80 ಡಾಲರ್ ಅಂತ ಇಟ್ಟರು. ನಮ್ಮೂರಲ್ಲಿ ಹಾಗೆ ಹೆಮ್ಮೆಯ ಅಂಕಿ ಹುಡುಕಿದರೆ ಏಪ್ರಿಲ್ ಬಿಸಿಲಿನ ಡಿಗ್ರಿಯೇ ಗತಿ. 42 ರೂಪಾಯಿಗೆ ಊಟ ಹಾಕಿದರೆ ನಾನೂ ಕ್ಯೂನಲ್ಲಿ ನಿಲ್ಲುತ್ತೇನೆ. ಮುಂಬೈಗೆ ಈ ಪದ್ಧತಿ 2010ರಲ್ಲಿ ಬಂತು.

ಹಾಗೆ ನೋಡಿದರೆ ನಿಗದಿ ಬೆಲೆಯ ಪೂರ್ತಿ ಊಟ ಬಳ್ಳಾರಿಗೆ ಹೊಸದೇನಲ್ಲ. 1953ರ ತನಕ ನಾವು ಮದ್ರಾಸ್ ಕಡೆಯವರಾಗಿದ್ದೆವು. ‘ಫುಲ್ ಮೀಲ್ಸ್’ ಬೋರ್ಡು ಕಂಡು ಬೆಳೆದ ಊರು ಇದು. ಒಂದು ರೇಟು, ಅನ್ನ ಸಾಕು ಅನ್ನುವ ತನಕ. ವರ್ಷವಿಡೀ ಆಫರ್!

ಈಗ ಲೆಕ್ಕಕ್ಕೆ ಬನ್ನಿ. ನಾನು ನೋಡಿದ ಹೋಟೆಲ್‌ಗಳಲ್ಲಿ 100 ರೂಪಾಯಿ ಬಿಲ್ಲಿನಲ್ಲಿ 30ರಿಂದ 35 ರೂಪಾಯಿ ದಿನಸಿ, ತರಕಾರಿ, ಮಾಂಸಕ್ಕೆ ಹೋಗುತ್ತಿತ್ತು. ಬಾಡಿಗೆ, ಸಂಬಳ, ಕರೆಂಟು, ಗ್ಯಾಸು ಬೇರೆ. ಇದರಲ್ಲಿ ಬಾಡಿಗೆ, ಸಂಬಳ, ಎಸಿಯ ಕರೆಂಟು ನೀವು ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಮಂಗಳವಾರ ಸಂಜೆ ಏಳಕ್ಕೆ ಇಪ್ಪತ್ತು ಟೇಬಲ್‌ನಲ್ಲಿ ಹದಿನಾಲ್ಕು ಖಾಲಿ ಇದ್ದರೆ ಆ ಖಾಲಿ ಕುರ್ಚಿಗಳೂ ಸಾಹುಕಾರರ ದುಡ್ಡು ತಿನ್ನುತ್ತಿರುತ್ತವೆ. ಅಲ್ಲಿ ನಿಮ್ಮನ್ನು ಕೂರಿಸಿ ದಿನಸಿ ಖರ್ಚು ಕಳೆದು ನೂರು ರೂಪಾಯಿ ಉಳಿದರೂ ಅವರಿಗೆ ಲಾಭವೇ. ಆಫರ್ ಅಂದರೆ ಅವರು ಆ ಖಾಲಿ ಕುರ್ಚಿಗೆ ಕಟ್ಟಿದ ಬೆಲೆ.

ಭಾನುವಾರ ರಾತ್ರಿ ಬಳ್ಳಾರಿಯಲ್ಲಿ ಯಾವ ಫ್ಯಾಮಿಲಿ ಹೋಟೆಲ್‌ನಲ್ಲಿ ಕುರ್ಚಿ ಖಾಲಿ ಇರುತ್ತದೆ ಹೇಳಿ? ಪೂರ್ತಿ ರೇಟ್ ಕೊಡುವ ಗಿರಾಕಿಗಳೇ ಬಾಗಿಲಲ್ಲಿ ನಿಂತಿರುತ್ತಾರೆ. ಅಂಥ ಹೊತ್ತಲ್ಲಿ ಆಫರ್ ಟೇಬಲ್ ಅಂದರೆ ಸಪ್ಲೈಯರ್‌ಗೂ ಬೇಸರ, ಮಾಸ್ಟರ್‌ಗೂ ಬೇಸರ. ಸೂಪ್ ಮುಗಿಯುವ ಮೊದಲೇ ಕರಿ ಬಂದು ಕೂರುತ್ತದೆ. ಸ್ವೀಟ್ ಬಾಯಲ್ಲಿರುವಾಗಲೇ ಬಿಲ್ಲು ಬರುತ್ತದೆ. ಕೆಲವರು ಶನಿವಾರ, ಭಾನುವಾರ ಆಫರ್ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಹಾಕಿಯೂ ಇರುತ್ತಾರೆ.

ಮಕ್ಕಳಿಗೆ ಸ್ಕೂಲು ಇರುವುದರಿಂದ ನಿಮಗೆ ಮಧ್ಯಾಹ್ನ ಆಗುವುದಿಲ್ಲ. ಇಲ್ಲದಿದ್ದರೆ ವಾರದ ನಡುವಿನ ಮಧ್ಯಾಹ್ನವೇ ಎಲ್ಲಕ್ಕಿಂತ ಒಳ್ಳೆಯದು. ಮಂಗಳವಾರದಿಂದ ಗುರುವಾರದೊಳಗೆ ಒಂದು ಸಂಜೆ, ಏಳು ಗಂಟೆಗೆ ಹೋಗಿ ಕೂತುಬಿಡಿ. ಎಂಟೂವರೆ ನಂತರ ಬೇಡ. ಆಫರ್‌ನ ಮೊದಲ ದಿನವೂ ಬೇಡ, ಅವತ್ತು ಅಡುಗೆಮನೆಯೂ ಸಪ್ಲೈಯರ್‌ಗಳೂ ಇನ್ನೂ ಹೊಂದಿಕೊಂಡಿರುವುದಿಲ್ಲ. ಆ ಎಂಟು ಪೀಸ್ ಪನೀರ್ ಕಥೆ ನೆನಪಿದೆಯಲ್ಲ, ತೀರಾ ಕೊನೆಗೂ ಹೋಗಬೇಡಿ. ನಡುವಿನ ದಿನಗಳು ಹದವಾಗಿರುತ್ತವೆ.

ಶ್ರಾವಣದ ವಿಷಯ ಬಂದಿದ್ದರಿಂದ ಒಂದು ಒಳಗಿನ ಮಾತು. ನಮ್ಮ ಕಡೆ ನಾನ್‌ವೆಜ್ ಹೋಟೆಲ್‌ಗಳಿಗೆ ಶ್ರಾವಣ ಅಂದರೆ ಕೈ ಕಟ್ಟಿ ಕೂರುವ ತಿಂಗಳು. ಅಯ್ಯಪ್ಪ ಮಾಲೆ ಹಾಕುವ ದಿನಗಳಲ್ಲೂ ಹಾಗೇ. ಅದೇ ಶ್ರಾವಣದಲ್ಲಿ ಪ್ಯೂರ್ ವೆಜ್ ಹೋಟೆಲ್‌ಗಳು ತುಂಬಿ ತುಳುಕುತ್ತವೆ. ಅಂದಮೇಲೆ 599ರ ಬೋರ್ಡ್ ಎರಡೂ ಕಡೆ ಒಂದೇ ಇದ್ದರೂ, ನಿಜವಾಗಿ ಕೈ ಬಿಚ್ಚುವವರು ನಾನ್‌ವೆಜ್ ಮತ್ತು ಎರಡೂ ಇರುವ ಹೋಟೆಲ್‌ನವರು. ವೆಜ್ ಹೋಟೆಲ್‌ನವರು ಪಟ್ಟಿಯಲ್ಲಿ ಹೆಸರಿರಲಿ ಅಂತ ಸೇರಿಕೊಂಡಿರುವ ಸಾಧ್ಯತೆ ಜಾಸ್ತಿ. ನಿಮ್ಮ ಅತ್ತೆಯವರಿಗೆ ಒಂದೇ ಅಡುಗೆಮನೆಯ ಊಟ ನಡೆಯುತ್ತದಾ ಅಂತ ಮೊದಲು ಮನೆಯಲ್ಲೇ ಕೇಳಿ. ನಡೆಯುವುದಿಲ್ಲ ಅಂದರೆ ವೆಜ್ ಹೋಟೆಲ್‌ಗೇ ಹೋಗಿ, ಉಳಿತಾಯ ಸ್ವಲ್ಪ ಕಡಿಮೆಯಾಗಲಿ. ಟೇಬಲ್‌ನಲ್ಲಿ ಹಿರಿಯರು ಬರೀ ನೀರು ಕುಡಿದುಕೊಂಡು ಕೂತರೆ ಯಾವ ಆಫರ್ ಏನು ಪ್ರಯೋಜನ?

ಹೋಟೆಲ್ ಆರಿಸುವುದಕ್ಕೆ ಒಂದೇ ಸೂತ್ರ. ಎಲ್ಲ ಕಡೆ ದರ 599 ಅಂದಮೇಲೆ, ಮಾಮೂಲಿ ದಿನ ಯಾರ ಮೆನು ಕಾರ್ಡು ಎಲ್ಲಕ್ಕಿಂತ ದುಬಾರಿಯೋ ಅಲ್ಲಿಗೆ ಹೋಗಿ. ದಿನಾ 450ರಲ್ಲಿ ಹೊಟ್ಟೆ ತುಂಬುವ ಹೋಟೆಲ್‌ನವರು 599ಕ್ಕೆ ಆಫರ್ ಅಂದರೆ ಅದು ಆಫರ್ರೇ ಅಲ್ಲ. ‘ಅಷ್ಟು ದೊಡ್ಡ ಹೋಟೆಲ್ ನಮಗ್ಯಾಕೆ’ ಅಂತ ವರ್ಷವಿಡೀ ಹೊರಗಿನಿಂದ ನೋಡಿಕೊಂಡು ಹೋಗುವ ಜಾಗ ಒಂದಿರುತ್ತದಲ್ಲ, ಇಂಥ ಹತ್ತು ದಿನ ಇರುವುದೇ ಅದಕ್ಕೆ. ಇದೇ ಕಾರಣಕ್ಕೆ ಆಫರ್ ಅಂತ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯದ ಥಾಲಿ ಇಟ್ಟಿದ್ದರೆ ಬಿಟ್ಟುಬಿಡಿ. ಅದೇ ದುಡ್ಡಿನಲ್ಲಿ ಖಾನಾವಳಿಯಲ್ಲಿ ನಾಲ್ಕು ಜನ ಉಂಡು ಬರಬಹುದು. ರೊಟ್ಟಿಯೂ ಅಲ್ಲೇ ಚೆನ್ನಾಗಿರುತ್ತದೆ, ಗುರೆಳ್ಳು ಚಟ್ನಿ ಇನ್ನೊಂದು ಸಲ ಕೇಳಿದರೆ ಯಾರೂ ಮುಖ ನೋಡುವುದಿಲ್ಲ.

ಈಗ ನಿಮ್ಮ ಆರು ಜನದ ಲೆಕ್ಕ. ಎಲ್ಲರೂ ತಪ್ಪುವುದು ಇಲ್ಲೇ, ನಿಧಾನವಾಗಿ ಓದಿ.

ಮಧ್ಯಮ ತರದ ಒಂದು ಎಸಿ ಹೋಟೆಲ್ ಅಂದುಕೊಳ್ಳಿ. ಸೂಪ್ 140, ಸ್ಟಾರ್ಟರ್ 260, ಕರಿ 270, ಎರಡು ರೋಟಿ 80, ಸ್ವೀಟ್ 90. ಕೂಡಿದರೆ 840. ‘840ರ ಊಟ 599ಕ್ಕೆ’ ಅಂತ ಬ್ಯಾನರ್ ಹಾಕಿದರೆ ಅದು ಸುಳ್ಳಲ್ಲ. ಆದರೆ ನಾವು ಯಾವತ್ತು ಹಾಗೆ ತಿಂದಿದ್ದೇವೆ? ತಲೆಗೊಂದು ಸೂಪು, ತಲೆಗೊಂದು ಸ್ಟಾರ್ಟರ್, ತಲೆಗೊಂದು ಕರಿ ಅನ್ನುವುದು ಅವರವರ ತಟ್ಟೆ ಅವರವರು ಉಣ್ಣುವ ದೇಶದ ಲೆಕ್ಕ. ನಾವು ಸೂಪ್ ಬೈ-ಟು ಮಾಡುವವರು. ಕರಿ ನಡುವೆ ಇಟ್ಟು ಎಲ್ಲರೂ ಹಾಕಿಕೊಳ್ಳುವವರು.

ಮಾಮೂಲಿ ದಿನ ನಿಮ್ಮಂಥ ಆರು ಜನದ ಮನೆಯವರು ಏನು ಆರ್ಡರ್ ಮಾಡುತ್ತಾರೆ? ನಾನು ಸಾವಿರಾರು ಬಿಲ್ಲು ನೋಡಿದ್ದೇನೆ, ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಎರಡು ಸೂಪ್ 280. ಎರಡು ಸ್ಟಾರ್ಟರ್ 520. ಮೂರು ಕರಿ 810. ಹತ್ತು ರೋಟಿ 400. ಒಂದು ಬಿರಿಯಾನಿ 260. ಹಿರಿಯರಿಗೆ ಒಂದು ಮೊಸರನ್ನ 130. ಮೂರು ಐಸ್‌ಕ್ರೀಮ್ 270. ಒಟ್ಟು 2,670, ಅದಕ್ಕೆ 5% ಜಿಎಸ್‌ಟಿ ಸೇರಿ 2,803 ರೂಪಾಯಿ 50 ಪೈಸೆ. ಆರೂ ಜನ ಆಫರ್ ತಗೊಂಡರೆ 3,594, ಜಿಎಸ್‌ಟಿ ಸೇರಿ 3,773 ರೂಪಾಯಿ 70 ಪೈಸೆ. ಅಂದರೆ ರಿಯಾಯಿತಿಯಲ್ಲಿ ಊಟ ಮಾಡಿ 970 ರೂಪಾಯಿ ಜಾಸ್ತಿ ಕೊಟ್ಟು ಬಂದ ಹಾಗಾಯಿತು. ಆರು ವರ್ಷದ ಮಗಳು ಅರ್ಧ ಸೂಪಿಗೆ ಸಾಕು ಅನ್ನುತ್ತಾಳೆ, ಅತ್ತೆಯವರು ಸ್ಟಾರ್ಟರ್ ಮುಟ್ಟುವುದಿಲ್ಲ. ಆ ದುಡ್ಡೆಲ್ಲ ಟೇಬಲ್ ಮೇಲೆ ಉಳಿಯುತ್ತದೆ.

ಹಾಗಾಗಿ ಬ್ಯಾನರ್ ಮೇಲೆ ಅಡ್ಡಗೆರೆ ಎಳೆದ ಬೆಲೆಯನ್ನು ನೋಡಲೇಬೇಡಿ. ಕಳೆದ ಸಲ ಹೊರಗೆ ಹೋದಾಗಿನ ಬಿಲ್ಲು ಫೋನ್‌ಪೇಯಲ್ಲೋ ಗೂಗಲ್‌ಪೇಯಲ್ಲೋ ಇರುತ್ತದೆ. ಅದನ್ನು ತೆಗೆದು ಅದರ ಪಕ್ಕದಲ್ಲಿ ಆಫರ್ ಇಡಿ.

ನಿಮಗೆ ನನ್ನ ಸಲಹೆ: ನೀವು, ಯಜಮಾನರು, ಮಗ ಮೂವರು ಆಫರ್ ತಗೊಳ್ಳಿ, 1,797. ಮಾವ, ಅತ್ತೆ, ಮಗಳಿಗೆ ಕಾರ್ಡಿನಿಂದ ಒಂದು ಕರಿ, ನಾಲ್ಕು ರೋಟಿ, ಒಂದು ಮೊಸರನ್ನ, ಒಂದು ಐಸ್‌ಕ್ರೀಮ್, ಒಟ್ಟು 650. ಎರಡೂ ಸೇರಿ 2,447, ಜಿಎಸ್‌ಟಿ ಹಾಕಿ 2,569 ರೂಪಾಯಿ 35 ಪೈಸೆ. ಮಾಮೂಲಿಗಿಂತ ಇನ್ನೂರ ಚಿಲ್ಲರೆ ಕಡಿಮೆ, ತಿನ್ನುವ ಮೂವರಿಗೆ ಪೂರ್ತಿ ಊಟ. ತೀರಾ ದುಬಾರಿ ಹೋಟೆಲ್ ಆಗಿ, ಅಲ್ಲಿ ಕರಿಯೇ 500 ದಾಟುತ್ತಿದ್ದರೆ ಈ ಲೆಕ್ಕ ತಿರುಗುತ್ತದೆ. ಆಗ ಮಗಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಆಫರ್‌ನಲ್ಲೇ ತಗೊಳ್ಳಬಹುದು.

ಇಲ್ಲೊಂದು ತೊಡಕಿದೆ. ಎಷ್ಟೋ ಹೋಟೆಲ್‌ನವರು ‘ಒಂದು ಟೇಬಲ್ ಅಂದರೆ ಎಲ್ಲರೂ ಆಫರ್ ತಗೊಳ್ಳಬೇಕು’ ಅನ್ನುತ್ತಾರೆ. ಹಂಚಿಕೊಳ್ಳುವ ಹಾಗಿಲ್ಲ ಅಂತಲೂ ಬರೆದಿರುತ್ತಾರೆ. ಅವರ ಕಡೆಯಿಂದ ಅದು ನ್ಯಾಯವೇ. ಅದಕ್ಕೆ ಹೋಗಿ ಕೂತಮೇಲೆ ಜಗಳ ಮಾಡುವ ಬದಲು ಹಿಂದಿನ ದಿನವೇ ಫೋನ್ ಮಾಡಿ. ಕೌಂಟರ್‌ನಲ್ಲಿ ಯಾರೋ ‘ಬನ್ನಿ ಬನ್ನಿ ಎಲ್ಲಾ ಐತಿ’ ಅನ್ನುತ್ತಾರೆ. ಅವರಿಂದ ಆಗುವುದಿಲ್ಲ, ಕ್ಯಾಪ್ಟನ್ ಅಥವಾ ಮ್ಯಾನೇಜರ್ ಹತ್ತಿರ ಮಾತಾಡಿ. ಮೂವರು ಆಫರ್, ಮೂವರು ಮಾಮೂಲಿ ನಡೆಯುತ್ತದಾ, ಮಕ್ಕಳಿಗೆ ಅರ್ಧ ರೇಟ್ ಇದೆಯಾ, ಆ ದಿನದ ಆಫರ್ ಮೆನು ವಾಟ್ಸಾಪ್‌ನಲ್ಲಿ ಕಳಿಸುತ್ತೀರಾ ಅಂತ ಕೇಳಿ. ಮೆನು ಕಳಿಸಲು ಹಿಂದೆಮುಂದೆ ನೋಡುವವರು ಮೆನುವನ್ನೇ ಇನ್ನೂ ಗಟ್ಟಿ ಮಾಡಿರುವುದಿಲ್ಲ. ಅಂಥವರನ್ನು ಬಿಡಿ.

ಮೆನು ಕೈಗೆ ಬಂದಮೇಲೆ ಅದರಲ್ಲಿ ಏನಿಲ್ಲ ಅಂತ ಓದಿ. 840ರ ಊಟಕ್ಕೆ ದಿನಸಿ ಖರ್ಚೇ 280ರ ಹತ್ತಿರ. ಅದನ್ನು 599ಕ್ಕೆ ಕೊಟ್ಟರೆ ಅರ್ಧದಷ್ಟು ದಿನಸಿಗೇ ಹೋಯಿತು. ಅದಕ್ಕೆ ಮೆನು ಮಾಡುವವನು ಮೊದಲು ಮಟನ್ ತೆಗೆಯುತ್ತಾನೆ, ಆಮೇಲೆ ಸಿಗಡಿ, ಆಮೇಲೆ ಬಾದಾಮಿ-ಗೋಡಂಬಿ ಗ್ರೇವಿ. ನಾನೂ ಹಾಗೇ ಮಾಡುತ್ತಿದ್ದೆ. ಆ ಜಾಗಕ್ಕೆ ಕಾರ್ನ್‌ಫ್ಲೋರ್ ಹಾಕಿ ಮಂದ ಮಾಡಿದ ಸೂಪು, ಗೋಬಿ, ಬೇಬಿಕಾರ್ನ್, ಜೀರಾ ರೈಸು, ಡಬ್ಬಿಯ ಜಾಮೂನು ಬರುತ್ತವೆ. ಇಷ್ಟೇ ಇದ್ದರೆ ಆ ಹೋಟೆಲ್ ಬಿಟ್ಟುಬಿಡಿ. ಒಂದಾದರೂ ಮಟನ್ ಐಟಂ, ಇಲ್ಲವೇ ತಂದೂರ್‌ನಲ್ಲಿ ಸುಟ್ಟಿದ್ದು, ಇಲ್ಲವೇ ಮನೆಯಲ್ಲಿ ಮಾಡಲಾಗದ್ದು ಏನಾದರೂ ಇದ್ದರೆ ಹೋಗಿ, ಅದನ್ನೇ ಆರಿಸಿಕೊಳ್ಳಿ.

ಮೀನಿನ ಬಗ್ಗೆ ಮಾತ್ರ ಸ್ವಲ್ಪ ಹುಷಾರ್. ಬಳ್ಳಾರಿಗೆ ಸಮುದ್ರದ ಮೀನು ಬರುವುದು ಐಸ್ ಮೇಲೆ, ದೂರದಿಂದ. ಶ್ರಾವಣದಲ್ಲಿ ಬೇಡಿಕೆ ಕಡಿಮೆ, ಒಮ್ಮೆ ತಂದ ಮೀನು ಜಾಸ್ತಿ ದಿನ ಇರುತ್ತದೆ. ಜನ ತುಂಬಿದ ಹೋಟೆಲ್‌ನಲ್ಲಿ ತಿನ್ನಿ, ನೊಣ ಹೊಡೆಯುತ್ತಾ ಕೂತಿರುವ ಕಡೆ ಚಿಕನ್ ಸಾಕು.

ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ, ಕಬಾಬ್‌ಗೆ ಅದೇ ವರ್ಷ ಜೂನ್‌ನಲ್ಲಿ. ಪ್ಲೇಟಿನಲ್ಲಿ ಕುಂಕುಮದ ಹಾಗೆ ಕೆಂಪಾಗಿ ಬಂದರೆ ವಾಪಸ್ ಕಳಿಸಿ. ಮಕ್ಕಳು ಅಳಬಹುದು, ಕಳಿಸಿ.

ಕೂತ ಕೂಡಲೇ ಇನ್ನೊಂದು ನಡೆಯುತ್ತದೆ. ಸಪ್ಲೈಯರ್ ನೀರಿನ ಬಾಟಲಿ ತಂದು ಮುಚ್ಚಳ ತಿರುವಿಬಿಡುತ್ತಾನೆ. ಎಂಆರ್‌ಪಿಗಿಂತ ಜಾಸ್ತಿ ಹಾಕಿದ್ದಾರೆ ಅಂತ ಜಗಳಕ್ಕೆ ಇಳಿಯಬೇಡಿ. ಹೋಟೆಲ್‌ನಲ್ಲಿ ಕೂರಿಸಿ ಕೊಡುವಾಗ ಎಂಆರ್‌ಪಿ ಕಟ್ಟುಪಾಡು ಅನ್ವಯಿಸದು ಅಂತ 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಚ್ಚಳ ತಿರುವುವ ಮೊದಲೇ ‘ಜಗ್ಗಿನ ನೀರು ಕೊಡಿ’ ಅಂದುಬಿಡಿ. ಹಾಗೆಯೇ ಲೈಮ್ ಸೋಡಾ, ಮಾಕ್‌ಟೇಲ್. ಊಟದಲ್ಲಿ ಬಿಟ್ಟುಕೊಟ್ಟದ್ದನ್ನು ಹೋಟೆಲ್‌ನವರು ಹಿಂತೆಗೆದುಕೊಳ್ಳುವುದು ಅಲ್ಲಿ. ಒಂದು ನಿಂಬೆಹಣ್ಣು, ಸೋಡಾ, ಸಕ್ಕರೆಗೆ ಎಷ್ಟು ಖರ್ಚು ಅಂತ ನಿಮಗೇ ಗೊತ್ತಲ್ಲ. ಮಕ್ಕಳಿಗೆ ಒಂದೊಂದು ಕೊಡಿಸಿ, ಹುಟ್ಟುಹಬ್ಬ ಅಲ್ವಾ. ದೊಡ್ಡವರಿಗೆ ಬೇಡ.

ಬಿಲ್ಲು ಬಂದಾಗ ನೋಡಬೇಕಾದದ್ದು ಜಾಸ್ತಿ ಇಲ್ಲ. ಮಾಮೂಲಿ ರೆಸ್ಟೋರೆಂಟ್ ಊಟಕ್ಕೆ ಜಿಎಸ್‌ಟಿ 5%, ಎಸಿ ಇರಲಿ ಇಲ್ಲದಿರಲಿ. 2017ರ ನವೆಂಬರ್ 15ರಿಂದ ಹೀಗೇ ಇದೆ. ಕೋಣೆ ಬಾಡಿಗೆ ದಿನಕ್ಕೆ 7,500 ದಾಟುವ ದೊಡ್ಡ ಹೋಟೆಲ್‌ಗಳ ಒಳಗಿನ ರೆಸ್ಟೋರೆಂಟ್ ಆದರೆ 18%. ಬೆಂಗಳೂರಿಗೆ ಹೋದಾಗ ಇಂಥ ಆಫರ್ ಕಂಡರೆ ಇದು ನೆನಪಿರಲಿ, 599 ಅನ್ನುವುದು 707 ಆಗುತ್ತದೆ. ರಿಯಾಯಿತಿಯನ್ನು ಹೋಟೆಲ್‌ನವರು ಬಿಲ್ಲಿನಲ್ಲೇ ತೋರಿಸಿದ್ದರೆ ಟ್ಯಾಕ್ಸ್ ಬೀಳುವುದು ಕಳೆದುಳಿದ ಮೊತ್ತಕ್ಕೆ, ಪೂರ್ತಿ ಮೊತ್ತಕ್ಕಲ್ಲ. ಸಣ್ಣ ಹೋಟೆಲ್‌ನ ಬಿಲ್ಲಿನ ಮೇಲೆ ‘ಕಾಂಪೊಸಿಷನ್’ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿ) ಅಂತ ಇದ್ದರೆ ಅವರು ನಿಮ್ಮಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗೇ ಇಲ್ಲ. ಬಿಲ್ಲಿನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಅಂದರೆ ಆಹಾರ ಸುರಕ್ಷತೆಯ ಲೈಸೆನ್ಸ್ ನಂಬರ್, ಇರಬೇಕು.

ಸರ್ವಿಸ್ ಚಾರ್ಜ್ ಅಂತ ತಾವಾಗಿಯೇ ಸೇರಿಸಿದ್ದರೆ ತೆಗೆಸಿ. ಅದನ್ನು ಬಲವಂತವಾಗಿ ಹಾಕಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತ್ತು. ಹೋಟೆಲ್‌ನವರು ಕೋರ್ಟಿಗೆ ಹೋದರು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಆ ನಿಯಮವನ್ನೇ ಎತ್ತಿಹಿಡಿಯಿತು. ಕೌಂಟರ್‌ನಲ್ಲಿ ಮೆತ್ತಗೆ ಹೇಳಿದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಒಪ್ಪದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ.

ಆದರೆ ಟಿಪ್ಸ್ ಬೇರೆ ಮಾತು. ಆಫರ್ ದಿನಗಳಲ್ಲಿ ಸಪ್ಲೈಯರ್‌ಗೆ ಓಡಾಟ ಎರಡರಷ್ಟು, ಬಿಲ್ಲು ಸಣ್ಣದು, ಜನ ಬಿಲ್ಲು ನೋಡಿ ಟಿಪ್ಸ್ ಇಡುತ್ತಾರೆ. ಅವನ ಪಾಲಿಗೆ ಇದು ದಂಡದ ವಾರ. ನೀವು ಪೂರ್ತಿ ರೇಟಿನ ಊಟಕ್ಕೆ ಎಷ್ಟು ಕೊಡುತ್ತಿದ್ದಿರೋ ಅಷ್ಟು ಅವನ ಕೈಗೇ ಕೊಡಿ.

ಆ್ಯಪ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಸ್ವಿಗ್ಗಿಯ ಡೈನ್‌ಔಟ್, ಜೊಮ್ಯಾಟೊದವರ ಡಿಸ್ಟ್ರಿಕ್ಟ್ ಇಂಥವುಗಳಲ್ಲಿ ಅದೇ ಹೋಟೆಲ್ ಮಾಮೂಲಿ ಬಿಲ್ಲಿನ ಮೇಲೆ ಪರ್ಸೆಂಟ್ ಲೆಕ್ಕದಲ್ಲಿ ರಿಯಾಯಿತಿ ಕೊಡುತ್ತಿರಬಹುದು. ನಿಮ್ಮಂಥ ಹಂಚಿ ತಿನ್ನುವ ಮನೆಗೆ 599ಕ್ಕಿಂತ ಅದು ಹೊಂದಬಹುದು: 2,803ರ ಮೇಲೆ 15% ಅಂದರೆ 420 ಉಳಿಯಿತು. ಆದರೆ ‘50% ವರೆಗೆ’ ಅನ್ನುವಲ್ಲಿ ‘ವರೆಗೆ’ ಅನ್ನುವುದನ್ನೂ ಓದಿ, ಗರಿಷ್ಠ ಎಷ್ಟು ರೂಪಾಯಿ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಎರಡೂ ಆಫರ್ ಒಟ್ಟಿಗೆ ಯಾರೂ ಕೊಡುವುದಿಲ್ಲ. ಈ ರಿಯಾಯಿತಿಯ ಭಾರ ಹೋಟೆಲ್‌ನವರ ಮೇಲೂ ಬೀಳುತ್ತದೆ ಅನ್ನುವುದಕ್ಕೆ 2019 ನೆನಪಿಸಿಕೊಳ್ಳಿ. ಜೊಮ್ಯಾಟೊ ಗೋಲ್ಡ್‌ನ ‘ಒಂದು ತಗೊಂಡರೆ ಒಂದು ಉಚಿತ’ ತಾಳಲಾರದೆ ದೇಶದ ಎಷ್ಟೋ ರೆಸ್ಟೋರೆಂಟ್‌ಗಳು ಆ ಆಗಸ್ಟ್‌ನಲ್ಲಿ ಒಟ್ಟಿಗೆ ‘ಲಾಗ್‌ಔಟ್’ ಆಗಿ ಆ ಯೋಜನೆಯಿಂದ ಹೊರಬಂದಿದ್ದವು. ಖಾಲಿ ಕುರ್ಚಿಗೆ ಅಂತ ಇಟ್ಟ ರಿಯಾಯಿತಿ ತುಂಬಿದ ಕುರ್ಚಿಗೂ ಬಂದು ಕೂತರೆ ಹೋಟೆಲ್ ಉಳಿಯುವುದಿಲ್ಲ.

ಕೊನೆಗೆ ಹುಟ್ಟುಹಬ್ಬದ್ದು. ಭಾನುವಾರ ಮನೆಯಲ್ಲೇ ಮಿರ್ಚಿ, ಒಗ್ಗರಣೆ ಮಂಡಕ್ಕಿ ಮಾಡಿ ಅವನ ಗೆಳೆಯರನ್ನು ಕರೆಯಿರಿ. ಹೋಟೆಲ್‌ಗೆ ಆಮೇಲೆ ಮಂಗಳವಾರವೋ ಬುಧವಾರವೋ ಹೋಗಿ. ಸೋಮವಾರ ಅತ್ತೆಯವರಿಗೆ ಒಪ್ಪತ್ತು ಇದ್ದರೂ ಇರಬಹುದು, ಅದನ್ನು ಬಿಡಿ. ಅವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಟ್ಟಿದ್ದರೆ ಹೋಟೆಲ್‌ಗೆ ಹೋಗುವ ದಿನ ಮಧ್ಯಾಹ್ನದೊಳಗೆ ಫೋನ್ ಮಾಡಿ ತಿಳಿಸಿ. ಸಂಜೆ ಏಳಕ್ಕೆ ಹೋಗಿ ಹೇಳಿದರೆ ಗ್ರೇವಿ ಆಗಲೇ ಆಗಿಬಿಟ್ಟಿರುತ್ತದೆ, ಮಧ್ಯಾಹ್ನ ಹೇಳಿದರೆ ಮಾಸ್ಟರ್ ಒಂದು ಪಲ್ಯ ಬೇರೆ ಎತ್ತಿಡುತ್ತಾರೆ. ಅದೇ ಫೋನಿನಲ್ಲಿ ಹೊರಗಿನ ಕೇಕ್ ಒಳಗೆ ಬಿಡುತ್ತೀರಾ ಅಂತಲೂ ಕೇಳಿ. ಕೆಲವರು ಬಿಡುವುದಿಲ್ಲ, ಇನ್ನು ಕೆಲವರು ಬಿಟ್ಟು, ಕತ್ತರಿಸಿ ಹಂಚಿದ್ದಕ್ಕೆ ತಲೆಗಿಷ್ಟು ಅಂತ ಬಿಲ್ಲಿಗೆ ಸೇರಿಸುತ್ತಾರೆ.